ಗೋದಾಮಿನ ಸ್ಟಾಕ್ ಸಾಫ್ಟ್‌ವೇರ್‌ಗೆ ಅಮೆರಿಕದಲ್ಲಿ ಪೇಟೆಂಟ್ ಕೇಳಿದರೆ ‘ಸೆಕ್ಷನ್ 101’ ಅಂತ ತಳ್ಳಿಹಾಕಿದ್ದಾರೆ, ಮುಂದೇನು?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಹೀಗೆ. ಗೋದಾಮಿನ ಸ್ಟಾಕ್ ನೋಡಿಕೊಳ್ಳುವ ಸಾಫ್ಟ್‌ವೇರ್ ಮಾಡಿದ್ದೀರಿ. ಅದು ಆರ್‌ಎಫ್‌ಐಡಿ ಟ್ಯಾಗ್ (ರೇಡಿಯೋ ಅಲೆಯಿಂದ ಓದುವ ಗುರುತಿನ ಚೀಟಿ) ಓದಿ ಯಾವ ಮಾಲು ಎಲ್ಲಿದೆ ಅಂತ ಲೆಕ್ಕ ಇಡುತ್ತದೆ, ಯಾವುದು ಯಾವಾಗ ಖಾಲಿಯಾಗಬಹುದು ಅಂತ ಮೊದಲೇ ಹೇಳುತ್ತದೆ, ಬೇಕಾದರೆ ತಾನೇ ಆರ್ಡರ್ ಹಾಕುತ್ತದೆ. ಅಮೆರಿಕದಲ್ಲಿ ಅರ್ಜಿ ಹಾಕಿದಿರಿ. ಅರ್ಜಿ ಪರಿಶೀಲಿಸುವ ಪೇಟೆಂಟ್ ಕಚೇರಿಯ ಎಕ್ಸಾಮಿನರ್ ‘ಇದು ಬರೀ ಅಮೂರ್ತ ಕಲ್ಪನೆ, ಪೇಟೆಂಟ್‌ಗೆ ಅರ್ಹವೇ ಅಲ್ಲ’ ಅಂತ ಬರೆದಿದ್ದಾರೆ. ‘ಇಂಥದ್ದು ಬೇರೆ ಯಾರೂ ಮಾಡಿಲ್ಲ, ಆದ್ರೂ ಯಾಕೆ?’ ಅನ್ನೋದು ನಿಮ್ಮ ಸಿಟ್ಟು.

ಇಂಥ ಅರ್ಜಿ ಬರೆಯೋದು, ಇಂಥ ಪತ್ರಗಳಿಗೆ ಉತ್ತರ ತಯಾರು ಮಾಡೋದು ನನ್ನ ಕೆಲಸ. ನಿಮ್ಮ ಅರ್ಜಿಯನ್ನು ನಾನು ಓದಿಲ್ಲ, ಆದ್ದರಿಂದ ಇದನ್ನು ವಕೀಲರ ಸಲಹೆ ಅಂತ ಹಿಡಿಯಬೇಡಿ.

ಮೊದಲು ಆ ‘ಆದ್ರೂ ಯಾಕೆ’. ಹೊಸದಾ ಅನ್ನೋದು ಒಂದು ಪ್ರಶ್ನೆ, ಅರ್ಹವಾ ಅನ್ನೋದು ಬೇರೆಯದೇ ಪ್ರಶ್ನೆ. ಅಮೆರಿಕದ ಕಾಯ್ದೆಯಲ್ಲಿ ಹೊಸತನಕ್ಕೆ 102ನೇ ಸೆಕ್ಷನ್ ಇದೆ, ಈ ಕೆಲಸ ಬಲ್ಲವರಿಗೆ ತಾನಾಗೇ ಹೊಳೆಯುವಂಥದ್ದಾ ಅಂತ ನೋಡೋಕೆ 103 ಇದೆ. 101 ಇವೆರಡರಿಂದ ಪ್ರತ್ಯೇಕ. ನೀವು ಕೇಳುತ್ತಿರುವುದು ಪೇಟೆಂಟ್ ಕೊಡಬಹುದಾದ ಜಾತಿಯ ವಸ್ತುವೇ ಅಂತ ಅದು ಕೇಳುತ್ತದೆ. 2018ರಲ್ಲಿ ಎಸ್‌ಎಪಿ ಮತ್ತು ಇನ್ವೆಸ್ಟ್‌ಪಿಕ್ ನಡುವಿನ ಕೇಸಿನಲ್ಲಿ ಫೆಡರಲ್ ಸರ್ಕ್ಯೂಟ್ ಕೋರ್ಟು (ಪೇಟೆಂಟ್ ಮೇಲ್ಮನವಿಗಳನ್ನು ಕೇಳುವ ಅಮೆರಿಕದ ಕೋರ್ಟು) ಇದನ್ನು ಖಡಾಖಂಡಿತವಾಗಿ ಹೇಳಿತು: ಕಲ್ಪನೆ ಎಷ್ಟೇ ಹೊಸದಿರಲಿ, ಎಷ್ಟೇ ಚೆನ್ನಾಗಿರಲಿ, ಅದು ಅಮೂರ್ತವಾಗಿದ್ದರೆ ಪೇಟೆಂಟ್ ಇಲ್ಲ. ಹಾಗಾಗಿ ಉತ್ತರದಲ್ಲಿ ‘ಇದು ಮಾರುಕಟ್ಟೆಯಲ್ಲಿ ಎಲ್ಲೂ ಇಲ್ಲ’ ಅಂತ ನಾಲ್ಕು ಪುಟ ಬರೆದರೆ ಎಕ್ಸಾಮಿನರ್ ಅದನ್ನು ಓದಿ ಪಕ್ಕಕ್ಕಿಡುತ್ತಾರೆ.

ಈಗಿನ ಲೆಕ್ಕಾಚಾರ ಶುರುವಾಗಿದ್ದು ಆಲಿಸ್ ಅನ್ನೋ ಕಂಪನಿಯ ಪೇಟೆಂಟುಗಳ ಬಗ್ಗೆ 2014ರಲ್ಲಿ ಬಂದ ತೀರ್ಪಿನಿಂದ. ಇಬ್ಬರ ವ್ಯವಹಾರದ ನಡುವೆ ಕಂಪ್ಯೂಟರ್ ಮಧ್ಯಸ್ಥನಾಗಿ ನಿಂತು, ಒಬ್ಬರು ಹಣ ಕೊಡದೆ ಹೋಗುವ ಅಪಾಯ ತಪ್ಪಿಸುವ ವಿಧಾನ ಅವುಗಳದ್ದು. ಅಮೆರಿಕದ ಸುಪ್ರೀಂ ಕೋರ್ಟು ಒಮ್ಮತದಿಂದ ಆ ಪೇಟೆಂಟುಗಳನ್ನು ಅಮಾನ್ಯ ಮಾಡಿತು. ಎರಡು ಹೆಜ್ಜೆ ನೋಡಬೇಕು ಅಂತ ಹೇಳಿತು: ಕ್ಲೇಮ್‌ನ (ಅರ್ಜಿಯಲ್ಲಿ ‘ಇದು ನನ್ನ ಹಕ್ಕು’ ಅಂತ ಕೇಳುವ ಸಾಲುಗಳ) ತಿರುಳು ಅಮೂರ್ತ ಕಲ್ಪನೆಯಾ? ಹೌದಾದರೆ, ಅದರ ಮೇಲೆ ಇನ್ನೇನಾದರೂ ಗಟ್ಟಿಯಾದದ್ದು ಸೇರಿದೆಯಾ? ಮಾಮೂಲಿ ಕಂಪ್ಯೂಟರ್ ಸೇರಿಸಿದರೆ ಅದು ಗಟ್ಟಿ ಅಲ್ಲ. 2019ರ ಜನವರಿಯಲ್ಲಿ ಪೇಟೆಂಟ್ ಕಚೇರಿ ತನ್ನ ಎಕ್ಸಾಮಿನರ್‌ಗಳಿಗೆ ಇದನ್ನೇ ಬಿಡಿಸಿ ಬರೆದ ಮಾರ್ಗಸೂಚಿ ಕೊಟ್ಟಿತು. ಅದರ ಪ್ರಕಾರ ಅಮೂರ್ತ ಅಂದರೆ ಮೂರು ಗುಂಪು: ಗಣಿತ, ಜನರ ವ್ಯವಹಾರವನ್ನು ಹೊಂದಿಸುವ ವಿಧಾನ, ಮನಸ್ಸಿನಲ್ಲೇ ಮಾಡಬಹುದಾದ ಯೋಚನೆ. ಇವುಗಳಲ್ಲಿ ಒಂದಕ್ಕೆ ಸೇರಿದರೂ, ಕ್ಲೇಮ್ ಒಟ್ಟಾರೆಯಾಗಿ ಅದನ್ನು ಒಂದು ನಿಜವಾದ ಬಳಕೆಯಲ್ಲಿ ಬೆಸೆದಿದ್ದರೆ ಪಾರಾಗಬಹುದು.

ಗೋದಾಮಿನ ಸಾಫ್ಟ್‌ವೇರ್‌ನ ಕಷ್ಟ ಇಲ್ಲೇ ಇರೋದು. ಅದು ಮೂರೂ ಗುಂಪಿಗೆ ಒಟ್ಟಿಗೇ ಬೀಳುತ್ತದೆ. ಎಷ್ಟು ಉಳಿದಿದೆ, ಯಾವಾಗ ತರಿಸಬೇಕು ಅನ್ನೋದು ಗಣಿತ. ಯಾರಿಂದ ತರಿಸಬೇಕು, ಯಾರಿಗೆ ಕಳಿಸಬೇಕು ಅನ್ನೋದು ವ್ಯವಹಾರ. ಜಾಸ್ತಿ ಓಡುವ ಮಾಲನ್ನು ಬಾಗಿಲ ಹತ್ತಿರ ಇಡೋಣ ಅನ್ನೋದು ಯೋಚನೆ. ಕಂಪ್ಯೂಟರ್ ಬರುವ ಮೊದಲು ಸ್ಟೋರ್‌ಕೀಪರ್ ಒಬ್ಬ ಲೆಡ್ಜರ್ ಇಟ್ಟುಕೊಂಡು ಇದನ್ನೆಲ್ಲ ಮಾಡುತ್ತಿದ್ದ ಅಲ್ವಾ? ಎಕ್ಸಾಮಿನರ್ ಬರೆಯುವುದೂ ಅದನ್ನೇ. ‘ನನ್ನದು ಲಕ್ಷ ಐಟಂಗಳನ್ನು ಒಂದು ಸೆಕೆಂಡಿನಲ್ಲಿ ಮಾಡುತ್ತದೆ’ ಅಂದರೆ, ‘ವೇಗ ಕಂಪ್ಯೂಟರ್‌ನ ಗುಣ, ನಿಮ್ಮ ಆವಿಷ್ಕಾರದ್ದಲ್ಲ’ ಅಂತ ಉತ್ತರ ಬರುತ್ತದೆ. ನ್ಯಾಯವಾಗಿ ನೋಡಿದರೆ ಅದರಲ್ಲಿ ತಪ್ಪೂ ಇಲ್ಲ.

ನಿಮ್ಮದಕ್ಕೆ ತುಂಬಾ ಹತ್ತಿರದ ಕೇಸ್ ಒಂದಿದೆ. ಆಟೊಮೇಟೆಡ್ ಟ್ರ್ಯಾಕಿಂಗ್ ಸೊಲ್ಯೂಷನ್ಸ್ ಅನ್ನೋ ಕಂಪನಿ ಆರ್‌ಎಫ್‌ಐಡಿಯಿಂದ ವಸ್ತುಗಳನ್ನು ಪತ್ತೆಹಚ್ಚುವ ಪೇಟೆಂಟುಗಳನ್ನು ಇಟ್ಟುಕೊಂಡು ಕೋಕಾ-ಕೋಲಾ ಮೇಲೆ ದಾವೆ ಹೂಡಿತ್ತು. ಕ್ಲೇಮ್‌ನಲ್ಲಿ ಟ್ಯಾಗ್ ಇತ್ತು, ರೀಡರ್ ಇತ್ತು, ಆಂಟೆನಾ ಇತ್ತು, ಪ್ರೊಸೆಸರ್ ಇತ್ತು. ಕಣ್ಣಿಗೆ ಕಾಣುವ ಸಾಮಾನು ಇಷ್ಟಿದ್ದರೂ 2018ರಲ್ಲಿ ಫೆಡರಲ್ ಸರ್ಕ್ಯೂಟ್ ಅರ್ಹವಲ್ಲ ಅಂದಿತು. ಸಾಮಾನೆಲ್ಲ ಮಾಮೂಲಿ, ಅದನ್ನು ಜೋಡಿಸಿದ ರೀತಿಯೂ ಮಾಮೂಲಿ, ಒಟ್ಟಿನಲ್ಲಿ ಮಾಹಿತಿ ತೆಗೆದುಕೊಂಡು, ವಿಶ್ಲೇಷಿಸಿ, ಫಲಿತಾಂಶ ಹೇಳೋದಷ್ಟೇ ಅಂತ ಅದರ ಸಾರ. ‘ಹಾರ್ಡ್‌ವೇರ್ ಸೇರಿಸಿ, ಸರಿಹೋಗುತ್ತದೆ’ ಅಂತ ನಿಮಗೆ ಯಾರಾದರೂ ಹೇಳಿದ್ದರೆ ಈ ಕೇಸ್ ತೋರಿಸಿ.

ಇದರ ಪಕ್ಕದಲ್ಲಿ 2017ರ ಥೇಲ್ಸ್ ವಿಷನಿಕ್ಸ್ ಕೇಸ್ ಇಟ್ಟು ನೋಡಿ. ಅಲ್ಲೂ ಸೆನ್ಸರ್, ಅಲ್ಲೂ ಗಣಿತ. ಪೈಲಟ್‌ನ ಹೆಲ್ಮೆಟ್ ಮೇಲೆ ಒಂದು ಸೆನ್ಸರ್, ಚಲಿಸುತ್ತಿರುವ ವಾಹನದ ಮೇಲೆ ಇನ್ನೊಂದು, ಮತ್ತು ಭೂಮಿಯನ್ನು ಲೆಕ್ಕಕ್ಕೆ ಹಿಡಿಯದೆ ವಾಹನವನ್ನೇ ಆಧಾರವಾಗಿಟ್ಟುಕೊಂಡು ತಲೆ ಎತ್ತ ತಿರುಗಿದೆ ಅಂತ ಕಂಡುಹಿಡಿಯೋದು. ಹಾಗೆ ಮಾಡಿದ್ದರಿಂದ ಅಳತೆಯ ತಪ್ಪು ಕಡಿಮೆಯಾಯಿತು. ಕೋರ್ಟು ಅರ್ಹ ಅಂದಿತು. ಎರಡೂ ಕಡೆ ಸೆನ್ಸರ್ ಇದೆ. ಒಂದರಲ್ಲಿ ಸೆನ್ಸರ್ ಕೊಟ್ಟ ಮಾಹಿತಿಯನ್ನು ಸುಮ್ನೆ ಬಳಸಿಕೊಂಡರು, ಇನ್ನೊಂದರಲ್ಲಿ ಅಳೆಯುವ ರೀತಿಯನ್ನೇ ಬದಲಿಸಿದರು.

ನಿಮ್ಮ ಸಾಫ್ಟ್‌ವೇರ್‌ನಲ್ಲಿ ಅಂಥದ್ದು ಎಲ್ಲಿದೆ ಅಂತ ಹುಡುಕಿ. ಒಂದು ಉದಾಹರಣೆ ಕೊಡುತ್ತೇನೆ. ಗೋದಾಮಿನ ಬಾಗಿಲಲ್ಲಿ ರೀಡರ್ ಇದೆ. ಬಾಗಿಲು ದಾಟುವ ಪ್ಯಾಲೆಟ್‌ನ (ಮಾಲು ಪೇರಿಸುವ ಹಲಗೆಯ) ಟ್ಯಾಗುಗಳ ಜೊತೆಗೆ, ಪಕ್ಕದಲ್ಲಿ ಸುಮ್ಮನೆ ನಿಂತಿರುವ ಪ್ಯಾಲೆಟ್‌ನ ಟ್ಯಾಗುಗಳನ್ನೂ ಅದು ಓದಿಬಿಡುತ್ತದೆ. ಲೆಕ್ಕದಲ್ಲಿ ಮಾಲು ಹೋಗಿಬಿಟ್ಟಿದೆ, ನೋಡಿದರೆ ಅಲ್ಲೇ ಇದೆ. ಈ ವಿಷಯಕ್ಕೆ ಕ್ಲೇಮ್ ಬರೆಯುವಾಗ ಸಾಮಾನ್ಯವಾಗಿ ಕಾಣುವುದು ಇಂಥದ್ದು: ‘ರೀಡರ್‌ನಿಂದ ಟ್ಯಾಗ್ ಮಾಹಿತಿ ಪಡೆಯುವುದು, ದಾಸ್ತಾನಿನ ಪಟ್ಟಿಯೊಂದಿಗೆ ಹೋಲಿಸುವುದು, ವ್ಯತ್ಯಾಸವಿದ್ದರೆ ಎಚ್ಚರಿಕೆ ಕಳಿಸುವುದು.’ ಇದು ಲೆಡ್ಜರ್. ಖಂಡಿತ ಬಿದ್ದುಹೋಗುತ್ತದೆ. ಈಗ ಇನ್ನೊಂದು ರೀತಿ: ಬಾಗಿಲ ಒಳಗೊಂದು ಹೊರಗೊಂದು ಆಂಟೆನಾ ಇಟ್ಟು, ಒಂದೇ ಟ್ಯಾಗ್ ಎರಡಕ್ಕೂ ಯಾವ ಕ್ರಮದಲ್ಲಿ ಸಿಕ್ಕಿತು, ಪ್ರತಿ ಓದಿನ ನಡುವೆ ಸಿಗ್ನಲ್‌ನ ಫೇಸ್ (ಅಲೆಯ ಏರಿಳಿತದ ಹಂತ) ಎಷ್ಟು ಬದಲಾಯಿತು ಅಂತ ನೋಡಿ, ಬದಲಾಗದ ಟ್ಯಾಗುಗಳನ್ನು ‘ನಿಂತಿರುವವು’ ಅಂತ ಗುರುತಿಸಿ ಕೈಬಿಟ್ಟು, ಅಂಥವು ಜಾಸ್ತಿಯಾದಾಗ ಆ ಆಂಟೆನಾದ ಪವರ್ ತಗ್ಗಿಸಿ ಮತ್ತೆ ಓದುವುದು. ಇಲ್ಲಿ ರೀಡರ್ ಕೆಲಸ ಮಾಡುವ ರೀತಿಯೇ ಸುಧಾರಿಸಿದೆ. ಸ್ಟೋರ್‌ಕೀಪರ್ ತಲೆಯಲ್ಲಿ ಮಾಡುವಂಥದ್ದಲ್ಲ ಇದು. (ಇದನ್ನೇ ನಕಲು ಮಾಡಬೇಡಿ, ಇಂಥ ಉಪಾಯಗಳು ಈಗಾಗಲೇ ಬಂದುಹೋಗಿವೆ, 102 ಮತ್ತು 103ರಲ್ಲಿ ಸಿಕ್ಕಿಹಾಕಿಕೊಳ್ಳುತ್ತೀರಿ.)

ಬೇರೆ ಜಾಗಗಳೂ ಇವೆ. ಕಬ್ಬಿಣದ ರ‍್ಯಾಕುಗಳ ನಡುವೆ ವೈ-ಫೈ ಹೋಗಿಬಿಡುತ್ತದೆ, ಕೈಯಲ್ಲಿರುವ ಸ್ಕ್ಯಾನರುಗಳು ಸರ್ವರ್ ಸಂಪರ್ಕ ಇಲ್ಲದೆ ಕೆಲಸ ಮಾಡಬೇಕು, ಉಳಿದಿರುವ ಒಂದೇ ಡಬ್ಬವನ್ನು ಇಬ್ಬರಿಗೂ ‘ತಗೋ’ ಅಂತ ಹೇಳಬಾರದು. ಅದನ್ನು ನೀವು ಡೇಟಾ ಇಡುವ ವಿನ್ಯಾಸದಲ್ಲೇ ಬಗೆಹರಿಸಿದ್ದರೆ, 2016ರ ಎನ್‌ಫಿಶ್ ತೀರ್ಪು ನಿಮ್ಮ ಬೆನ್ನಿಗಿದೆ. ಅಲ್ಲಿ ಮೈಕ್ರೋಸಾಫ್ಟ್ ವಿರುದ್ಧ ಗೆದ್ದದ್ದು ಬರೀ ಡೇಟಾಬೇಸ್ ಟೇಬಲ್‌ನ ಹೊಸ ರಚನೆ, ಯಾವ ಯಂತ್ರವೂ ಇಲ್ಲ. ಕಂಪ್ಯೂಟರ್ ಕೆಲಸ ಮಾಡುವ ರೀತಿಯೇ ಸುಧಾರಿಸಿದರೆ ಸಾಫ್ಟ್‌ವೇರ್ ಆದರೂ ಅರ್ಹ ಅಂತ ಕೋರ್ಟು ಹೇಳಿತು. ರೋಬೊ ಅಥವಾ ಕನ್ವೇಯರ್ ಇದ್ದರೆ ಅದರ ಚಲನೆಯನ್ನು ಹೇಗೆ ನಿಯಂತ್ರಿಸುತ್ತೀರಿ ಅನ್ನೋದೂ ಒಳ್ಳೆಯ ಜಾಗ. ಆದರೆ ಹತ್ತು ಸಾಲು ಲೆಕ್ಕಾಚಾರ ಬರೆದು ಕೊನೆಗೆ ‘ರೋಬೊ ಅದನ್ನು ತರುತ್ತದೆ’ ಅಂತ ಬಾಲ ಅಂಟಿಸಿದರೆ ಆಗುವುದಿಲ್ಲ. ಅಂಥ ಬಾಲಕ್ಕೆ ಲೆಕ್ಕವಿಲ್ಲ ಅಂತ 1978ರ ಫ್ಲೂಕ್ ಕೇಸಿನಿಂದಲೂ ಹೇಳುತ್ತಾ ಬಂದಿದ್ದಾರೆ.

ಇನ್ನು ‘ಯಾವಾಗ ಖಾಲಿಯಾಗುತ್ತದೆ ಅಂತ ಎಐ ಹೇಳುತ್ತದೆ’ ಅನ್ನೋ ನಿಮ್ಮ ಭಾಗ. ನಿಮಗೆ ಅದೇ ಹೆಮ್ಮೆಯ ಭಾಗ ಅಂತ ಕಾಣುತ್ತದೆ, ನನಗೆ ಅದೇ ಅತ್ಯಂತ ದುರ್ಬಲ. 2025ರ ಏಪ್ರಿಲ್‌ನಲ್ಲಿ ರಿಸೆಂಟಿವ್ ಮತ್ತು ಫಾಕ್ಸ್ ನಡುವಿನ ಕೇಸಿನಲ್ಲಿ ಫೆಡರಲ್ ಸರ್ಕ್ಯೂಟ್, ಗೊತ್ತಿರುವ ಮಾದರಿಯ ಮೆಷಿನ್ ಲರ್ನಿಂಗ್ ಅನ್ನು ಹೊಸದೊಂದು ಕ್ಷೇತ್ರದ ಡೇಟಾಗೆ ಹಚ್ಚಿದ ಮಾತ್ರಕ್ಕೆ ಪೇಟೆಂಟ್ ಇಲ್ಲ ಅಂದಿದೆ. ಅಲ್ಲಿದ್ದದ್ದು ಟಿವಿ ಕಾರ್ಯಕ್ರಮಗಳ, ನೇರ ಪ್ರಸಾರಗಳ ವೇಳಾಪಟ್ಟಿ. ಅದರ ಜಾಗದಲ್ಲಿ ‘ದಾಸ್ತಾನು’ ಅಂತ ಹಾಕಿ ಓದಿದರೆ ನಿಮ್ಮ ಕ್ಲೇಮ್ ಆಗುತ್ತದೆ. ಮಾಡೆಲ್ ತರಬೇತಾಗುವ ವಿಧಾನದಲ್ಲೇ ನೀವು ಏನಾದರೂ ಬದಲಿಸಿದ್ದರೆ, ಉದಾಹರಣೆಗೆ ಹೊಸ ಐಟಂ ಬಂದಾಗ ಹಳೆಯದನ್ನು ಮರೆಯದೆ ಕಡಿಮೆ ಮೆಮೊರಿಯಲ್ಲಿ ಕಲಿಯುವಂತೆ ಮಾಡಿದ್ದರೆ, ಆಗ ವಾದಕ್ಕೆ ಜಾಗ ಇದೆ.

ಇದಕ್ಕೆ ಸಂಬಂಧಿಸಿದ ಒಂದು ವಿಷಯ ಎಷ್ಟೋ ಜನಕ್ಕೆ ಗೊತ್ತಿರುವುದಿಲ್ಲ. ಅರ್ಜಿ ಯಾವ ಎಕ್ಸಾಮಿನರ್ ಹತ್ತಿರ ಹೋಗುತ್ತದೆ ಅನ್ನೋದು ಬಹುಮಟ್ಟಿಗೆ ಅದಕ್ಕೆ ಬೀಳುವ ವರ್ಗದ ಮೇಲೆ ನಿಂತಿದೆ. ದಾಸ್ತಾನು ನಿರ್ವಹಣೆ ಅಂತಲೇ ಒಂದು ವರ್ಗವಿದೆ, ಜಿ06ಕ್ಯೂ 10/087. ಅದು ವ್ಯವಹಾರ ವಿಧಾನಗಳನ್ನು ನೋಡುವವರ ಕಡೆ ಹೋಗುತ್ತದೆ, ಅಲ್ಲಿ 101 ಹಾಕದೆ ಬಿಡುವುದು ಅಪರೂಪ. ಕ್ಲೇಮ್‌ನ ತಿರುಳು ಟ್ಯಾಗ್ ಓದುವುದಾಗಿದ್ದರೆ ಜಿ06ಕೆ 7/10, ಮಾಲು ಇಡುವ ತೆಗೆಯುವ ಯಂತ್ರದ ನಿಯಂತ್ರಣವಾಗಿದ್ದರೆ ಬಿ65ಜಿ 1/137. ಅವರ ತಲೆಯಲ್ಲಿ ಓಡುವ ಪ್ರಶ್ನೆಗಳೇ ಬೇರೆ. ಈಗ ನಿಮ್ಮದು ಆಗಲೇ ಒಬ್ಬರ ಕೈಯಲ್ಲಿದೆ, ಇದರಿಂದ ಈ ಸಲಕ್ಕೆ ಪ್ರಯೋಜನವಿಲ್ಲ, ಮುಂದಿನ ಅರ್ಜಿಯ ಮೊದಲ ಸಾಲು ಬರೆಯುವಾಗ ನೆನಪಿರಲಿ.

ಉತ್ತರ ಕೊಡುವುದರ ಬಗ್ಗೆ. ಸಾಮಾನ್ಯವಾಗಿ ಮೂರು ತಿಂಗಳು ಗಡುವು, ಶುಲ್ಕ ಕಟ್ಟಿದರೆ ಆರು ತಿಂಗಳವರೆಗೆ ಎಳೆಯಬಹುದು. ಕ್ಲೇಮ್ ತಿದ್ದಬಹುದು, ಆದರೆ ಅರ್ಜಿ ಹಾಕಿದ ದಿನ ವಿವರಣೆಯಲ್ಲಿ ಇಲ್ಲದ್ದನ್ನು ಈಗ ತುರುಕುವಂತಿಲ್ಲ. ಎಲ್ಲ ನಿಂತಿರುವುದು ಇದರ ಮೇಲೆ. ಫೇಸ್, ಪವರ್, ಸಿಂಕ್ ಅನ್ನೋ ಮಟ್ಟದ ವಿವರ ನಿಮ್ಮ ಸ್ಪೆಸಿಫಿಕೇಶನ್‌ನಲ್ಲಿ (ಅರ್ಜಿಯ ವಿವರಣೆಯಲ್ಲಿ) ಇದೆಯಾ ಅಂತ ಇವತ್ತೇ ತೆಗೆದು ಓದಿ. ಇದ್ದರೆ ಅದನ್ನು ಕ್ಲೇಮ್‌ಗೆ ಎಳೆದುಕೊಳ್ಳಿ, ‘ಮೊದಲು ಹೀಗೆ ತೊಂದರೆಯಿತ್ತು, ಈ ವಿಧಾನದಿಂದ ಯಂತ್ರ ಹೀಗೆ ಸುಧಾರಿಸಿತು’ ಅಂತ ಹೇಳುವ ಪ್ಯಾರಾಗಳ ಸಂಖ್ಯೆ ಹಾಕಿ ಉತ್ತರ ಬರೆಯಿರಿ. ಇಲ್ಲದಿದ್ದರೆ, ಹೊಸ ವಿವರ ಸೇರಿಸಿ ಹೊಸ ಅರ್ಜಿ ಹಾಕಬೇಕಾಗುತ್ತದೆ, ಆ ಹೊಸ ಭಾಗಕ್ಕೆ ಹೊಸ ತಾರೀಕೇ ಸಿಗುವುದು.

ಎಕ್ಸಾಮಿನರ್ ‘ಇದೆಲ್ಲ ಎಲ್ಲರಿಗೂ ಗೊತ್ತಿರುವ ಮಾಮೂಲಿ ಕೆಲಸ’ ಅಂತ ಬರೀ ಬಾಯಿಮಾತಿನಲ್ಲಿ ಬರೆದಿದ್ದರೆ ಆಧಾರ ಕೇಳಿ. ಅದು ವಾಸ್ತವಾಂಶದ ಪ್ರಶ್ನೆಯಾಗಬಹುದು ಅಂತ 2018ರ ಬರ್ಕೈಮರ್ ತೀರ್ಪು ಹೇಳಿದೆ, ಆಮೇಲೆ ಕಚೇರಿಯೇ ಅದಕ್ಕೆ ಪುರಾವೆ ತೋರಿಸಬೇಕು ಅಂತ ಎಕ್ಸಾಮಿನರ್‌ಗಳಿಗೆ ಸೂಚನೆ ಕೊಟ್ಟಿದೆ. ಬರೆಯುವ ಮೊದಲು ಫೋನಿನಲ್ಲೋ ವಿಡಿಯೋದಲ್ಲೋ ಒಂದು ಇಂಟರ್‌ವ್ಯೂ ಕೇಳಿಕೊಳ್ಳಿ. ತಿದ್ದಿದ ಕ್ಲೇಮ್‌ನ ಕರಡು ಮೊದಲೇ ಕಳಿಸಿಕೊಡಿ. ಕಾಗದದಲ್ಲಿ ಗಡುಸಾಗಿ ಬರೆಯುವವರು ಮಾತಿನಲ್ಲಿ ‘ಈ ಸಾಲು ಸೇರಿಸಿದರೆ 101 ಕೈಬಿಡುತ್ತೇನೆ’ ಅಂತ ನೇರವಾಗಿ ಹೇಳಿದ್ದನ್ನು ಕೇಳಿದ್ದೇನೆ.

ಸಿಕ್ಕಿದ ಮೇಲೂ ಕಥೆ ಮುಗಿಯುವುದಿಲ್ಲ ಅನ್ನೋದೂ ಗೊತ್ತಿರಲಿ. ನೀವು ಯಾರ ಮೇಲಾದರೂ ದಾವೆ ಹೂಡಿದರೆ ಅವರು ಮೊದಲು ಎತ್ತುವುದೇ 101. ಸಾಕ್ಷಿ, ದಾಖಲೆ ಯಾವುದೂ ಶುರುವಾಗುವ ಮೊದಲೇ, ಬರೀ ಕಾಗದಪತ್ರ ಓದಿ ಜಡ್ಜ್ ಪೇಟೆಂಟ್ ರದ್ದು ಮಾಡಬಹುದು. ಮೇಲೆ ಹೇಳಿದ ಕೋಕಾ-ಕೋಲಾ ಕೇಸ್ ಹಾಗೇ ಮುಗಿದಿದ್ದು. ಕಚೇರಿ ಒಪ್ಪಿಕೊಂಡಿದ್ದನ್ನು ಕೋರ್ಟು ಒಪ್ಪಬೇಕಾಗಿಲ್ಲ. ಅದಕ್ಕೇ ಎಕ್ಸಾಮಿನರ್‌ನನ್ನು ದಾಟಿಸುವಷ್ಟು ಮಾತ್ರ ತಿದ್ದಿ ನಿಲ್ಲಿಸುವುದು ನನಗೆ ಇಷ್ಟವಿಲ್ಲ. ಕಿರಿದಾದರೂ ಗಟ್ಟಿಯಾದ ಒಂದೆರಡು ಕ್ಲೇಮ್ ಇರಲಿ.

ಬೇರೆ ದೇಶಗಳನ್ನು ಬೇಗ ಮುಗಿಸುತ್ತೇನೆ. ಯುರೋಪಿನಲ್ಲಿ ಕಂಪ್ಯೂಟರ್ ಇದೆ ಅಂದರೆ ಅರ್ಹತೆಯ ಬಾಗಿಲು ಸುಲಭವಾಗಿ ತೆರೆಯುತ್ತದೆ, ಆದರೆ ಆಮೇಲೆ ಆವಿಷ್ಕಾರದ ಹೆಜ್ಜೆ (ಅಮೆರಿಕದ 103ರಂಥ ಪ್ರಶ್ನೆ) ಅಳೆಯುವಾಗ ತಾಂತ್ರಿಕವಲ್ಲದ ಅಂಶಗಳನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ದಾಸ್ತಾನಿನ ಲೆಕ್ಕಾಚಾರ ಅಲ್ಲೇ ಉದುರಿಹೋಗುತ್ತದೆ. ಭಾರತದಲ್ಲಿ 3(ಕೆ) ಸೆಕ್ಷನ್ ಇದೆ: ಗಣಿತ ವಿಧಾನ, ವ್ಯವಹಾರ ವಿಧಾನ, ಬರೀ ಕಂಪ್ಯೂಟರ್ ಪ್ರೋಗ್ರಾಂ, ಅಲ್ಗಾರಿದಂ ಇವಕ್ಕೆ ಇಲ್ಲ. 2019ರಲ್ಲಿ ದೆಹಲಿ ಹೈಕೋರ್ಟ್ ಫರೀದ್ ಅಲಾನಿ ಕೇಸಿನಲ್ಲಿ, ತಾಂತ್ರಿಕ ಪರಿಣಾಮ ಇದ್ದರೆ ಪ್ರೋಗ್ರಾಂ ಆಧಾರಿತ ಅನ್ನೋ ಒಂದೇ ಕಾರಣಕ್ಕೆ ತಳ್ಳಿಹಾಕಬಾರದು ಅಂದಿತು. ವ್ಯವಹಾರ ವಿಧಾನದ ನಿಷೇಧ ಮಾತ್ರ ಗಟ್ಟಿಯಾಗಿಯೇ ಇದೆ. ಎಲ್ಲ ಕಡೆಗೂ ರೀಡರ್ ಸುಧಾರಿಸುವ ಭಾಗ ನಡೆಯುತ್ತದೆ, ಆರ್ಡರ್ ಹಾಕುವ ಭಾಗ ನಡೆಯುವುದಿಲ್ಲ.

ಕೊನೆಗೆ, ಆ ಖಾಲಿಯಾಗುವ ಮುನ್ಸೂಚನೆಯ ಭಾಗ ನಿಮ್ಮ ಸರ್ವರ್‌ನಲ್ಲೇ ಓಡುತ್ತದೆ, ಹೊರಗಿನವರು ಒಳಗೆ ಇಣುಕಲಾಗದು ಅಂತಾದರೆ ಅದಕ್ಕೆ ಪೇಟೆಂಟ್ ಯಾಕೆ ಬೇಕು ಅಂತ ಯೋಚಿಸಿ, ವ್ಯಾಪಾರ ರಹಸ್ಯವಾಗಿ ಇಟ್ಟುಕೊಳ್ಳಬಹುದು. ಆದರೆ ಅರ್ಜಿ ಸಾಮಾನ್ಯವಾಗಿ ಮೊದಲು ಹಾಕಿದ ತಾರೀಕಿನಿಂದ 18 ತಿಂಗಳಿಗೆ ಪ್ರಕಟವಾಗುತ್ತದೆ, ಪ್ರಕಟವಾದರೆ ರಹಸ್ಯ ಹೋಯಿತು. ನಿಮ್ಮದು ಇನ್ನೂ ಪ್ರಕಟವಾಗಿಲ್ಲದಿದ್ದರೆ, ಅರ್ಜಿಯನ್ನು ಸಮಯಕ್ಕೆ ಸರಿಯಾಗಿ ಹಿಂತೆಗೆದುಕೊಂಡು, ಯಂತ್ರದ ಭಾಗಕ್ಕೆ ಮಾತ್ರ ಬೇರೆ ಅರ್ಜಿ ಹಾಕುವ ದಾರಿ ಇದೆ. ಮೊದಲ ತಾರೀಕು ಕಳೆದುಕೊಳ್ಳುವ ನಷ್ಟ ಇದ್ದೇ ಇದೆ, ಮತ್ತು ಆ ಸಾಫ್ಟ್‌ವೇರ್ ಅನ್ನು ನೀವು ಈಗಾಗಲೇ ಯಾರಿಗಾದರೂ ಮಾರಿದ್ದೀರಾ ಅನ್ನೋದನ್ನೂ ನಿಮ್ಮ ವಕೀಲರಿಗೆ ಮೊದಲೇ ಹೇಳಿ.