ಟೊಮೆಟೊ ಸಾಲಿನ ಕಪ್ಪು ದುಂಬಿ: ಔಷಧಿ ಹೊಡೆಯುವ ಮೊದಲು ನೋಡಿ

ಟೊಮೆಟೊ ಸಾಲಿನಲ್ಲಿ ಕಂಡ ಕಪ್ಪು ದುಂಬಿ ಬೇರು ತಿನ್ನುತ್ತದೆಯೇ, ಔಷಧಿ ಹೊಡೆಯಬೇಕೇ ಎಂದು ಕೇಳಿದ್ದೀರಿ. ಮಲ್ಚಿಂಗ್ ಹಾಳೆ ಎತ್ತಿದೊಡನೆ ಅದು ಹಾರದೆ ಸರಸರನೆ ಓಡಿ ಬದುವಿನ ಕಲ್ಲಿನಡಿ ನುಸುಳಿತು ಎಂದಿದ್ದೀರಲ್ಲ, ಆ ಓಟವೇ ಸುಳಿವು. ಅದು ಬಹುತೇಕ ಕ್ಯಾರಬಿಡೇ ಕುಟುಂಬದ ನೆಲದುಂಬಿ. ಇವುಗಳಲ್ಲಿ ಹೆಚ್ಚಿನವು ಹುಳುಗಳನ್ನು ಬೇಟೆಯಾಡುತ್ತವೆ. ಟೊಮೆಟೊ ಬೇರಿನ ತಂಟೆಗೆ ಹೋಗುವುದಿಲ್ಲ. ಆದರೂ ಚಿತ್ರವಿಲ್ಲದೆ ಖಚಿತವಾಗಿ ಹೇಳಲಾರೆ, ನೀವೇ ಪರೀಕ್ಷಿಸಿ.

ಒಂದನ್ನು ಗಾಜಿನ ಸೀಸೆಗೆ ತಳ್ಳಿಕೊಳ್ಳಿ. ಬರಿಗೈ ಬೇಡ. ಮುಳಬಾಗಿಲಿನ ಬಂಡೆಗಳ ನಡುವೆ ಬಿಳಿ ಚುಕ್ಕೆಯ ದೊಡ್ಡದೊಂದನ್ನು ಹಿಡಿದು, ಅದೇ ಕೈಯಲ್ಲಿ ಕಣ್ಣುಜ್ಜಿಕೊಂಡ ನಾನು ಅರ್ಧ ದಿನ ನೀರು ಸುರಿಸಿದ್ದೇನೆ. ಆ ಜಾತಿ ಹಿಂಬದಿಯಿಂದ ಆಮ್ಲ ಚಿಮ್ಮಿಸುತ್ತದೆ.

ಮೊದಲು ಮೀಸೆ ನೋಡಿ. ನೆಲದುಂಬಿಯದು ಬುಡದಿಂದ ತುದಿಯವರೆಗೆ ದಾರದಂತೆ ಸಪೂರ. ತುದಿಯಲ್ಲಿ ಪುಟ್ಟ ಬೀಸಣಿಗೆಯಂತಹ ಎಸಳುಗಳಿದ್ದರೆ ಅದು ಬೇರು ತಿನ್ನುವ ಗೊಣ್ಣೆಹುಳುವಿನ ವಂಶದ್ದು, ಆಗ ಕಥೆಯೇ ಬೇರೆ. ನಂತರ ಬೆನ್ನು: ರೆಕ್ಕೆಯ ಚಿಪ್ಪಿನ ಮೇಲೆ ನೇಗಿಲ ಸಾಲಿನಂತೆ ಉದ್ದುದ್ದ ಗೀರುಗಳು ಸಾಮಾನ್ಯ. ತಲೆ ಅದರ ಹಿಂದಿನ ಎದೆಭಾಗಕ್ಕಿಂತ ಕಿರಿದು, ದವಡೆಗಳು ಮುಂದಕ್ಕೆ ಚಾಚಿರುತ್ತವೆ.

ನೆಲದುಂಬಿಯಂತೆ ಕಂಡು ಮೋಸ ಮಾಡುವುದು ಬೇರೊಂದು ಕುಟುಂಬದ, ಮಂದಗತಿಯ ಕಪ್ಪು ಡಾರ್ಕ್ಲಿಂಗ್ ದುಂಬಿ. ಸೀಸೆಯ ತಳದಿಂದ ಮೊಬೈಲ್ ಕ್ಯಾಮೆರಾ ಹಿಗ್ಗಿಸಿ ಹಿಂಗಾಲಿನ ಪಾದದ ಗೆಣ್ಣು ಎಣಿಸಿ: ನೆಲದುಂಬಿಗೆ 5, ಡಾರ್ಕ್ಲಿಂಗ್‌ಗೆ 4.

ಮೀಸೆ ದಾರದಂತಿದ್ದು ಗೆಣ್ಣು ಐದಿದ್ದರೆ ಅದೇ ಸಾಲಿಗೆ ಬಿಟ್ಟುಬಿಡಿ, ಔಷಧಿ ಬೇಡ. ಬೀಸಣಿಗೆ ಮೀಸೆ ಕಂಡರೆ ಬಾಡಿದ ಗಿಡವೊಂದನ್ನು ಬೇರುಸಹಿತ ಅಗೆದು, ಅರ್ಧಚಂದ್ರದಂತೆ ಬಾಗಿದ ಬಿಳಿ ಹುಳು ಇದೆಯೇ ಎಂದು ಮಣ್ಣು ಕೆದಕಿ ನೋಡಿ.