ಇಷ್ಟು ದೊಡ್ಡ ಆಕಾಶದಲ್ಲಿ ಎರಡು ವಿಮಾನಗಳಿಗೆ ಜಾಗ ಸಾಲದೇ?

ಪ್ರಶ್ನೆ: ನಮ್ಮ ಮನೆ ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿದ್ದು, ವಿಮಾನಗಳು ಇಳಿಯುವುದನ್ನು ದಿನವೂ ನೋಡುತ್ತೇವೆ. ವಿಮಾನಗಳು ನಿಲ್ದಾಣದ ಸಮೀಪದಲ್ಲೇ ಪರಸ್ಪರ ಡಿಕ್ಕಿಯಾಗುವುದೇಕೆ? ಅದನ್ನು ತಪ್ಪಿಸುವ ಯಂತ್ರ ಇರುತ್ತದೆಯಲ್ಲವೇ?

ಉತ್ತರ: ಆಕಾಶ ಎಷ್ಟು ದೊಡ್ಡದಿದ್ದರೂ ಇಳಿಯಲು ಇರುವುದು ರನ್‌ವೇ ಮಾತ್ರ. ಬೇರೆ ಬೇರೆ ಊರುಗಳ ರಸ್ತೆಗಳು ನಮ್ಮ ಚನ್ನಮ್ಮ ವೃತ್ತಕ್ಕೆ ಬಂದು ಸೇರುವಂತೆ, ನಾನಾ ದಿಕ್ಕಿನ ವಿಮಾನಗಳು ನಿಲ್ದಾಣದ ಬಳಿ ಇಕ್ಕಟ್ಟಾದ ಜಾಗಕ್ಕೆ ಬರುತ್ತವೆ. ಅಲ್ಲಿ ಅವುಗಳನ್ನು ಬೇರ್ಪಡಿಸುವುದು ಬಹುಮಟ್ಟಿಗೆ ಎತ್ತರದ ಅಂತರ. ಸಾಮಾನ್ಯವಾಗಿ ಅದು 1,000 ಅಡಿ.

ಆ ಅಂತರ ಅಳಿದರೆ ಏನಾಗುತ್ತದೆ ಎಂಬುದನ್ನು ನಮ್ಮ ದೇಶವೇ ಕಂಡಿದೆ. 1996ರ ನವೆಂಬರ್ 12ರಂದು ದೆಹಲಿಗೆ ಇಳಿಯುತ್ತಿದ್ದ ಕಜಕಸ್ತಾನದ ಇಲ್ಯೂಷಿನ್ ವಿಮಾನಕ್ಕೆ 15,000 ಅಡಿಯವರೆಗೆ ಇಳಿಯಲು, ಅಲ್ಲಿಂದ ಹೊರಟಿದ್ದ ಸೌದಿಯ ಬೋಯಿಂಗ್ 747ಕ್ಕೆ 14,000 ಅಡಿಯವರೆಗೆ ಏರಲು ಅನುಮತಿ ಇತ್ತು. ಇಲ್ಯೂಷಿನ್ ಇನ್ನೂ ಕೆಳಗಿಳಿದು, ಹರಿಯಾಣದ ಚರ್ಖಿ ದಾದ್ರಿಯ ಮೇಲೆ ಎರಡೂ ಡಿಕ್ಕಿಯಾಗಿ 349 ಮಂದಿ ಸತ್ತರು. ತಪ್ಪು ಇಲ್ಯೂಷಿನ್‌ನಲ್ಲಿದ್ದವರದು ಎಂಬುದು ನಿಜ. ಆದರೆ ಬರುವ ಮತ್ತು ಹೋಗುವ ವಿಮಾನಗಳಿಗೆ ಆಗ ಒಂದೇ ದಾರಿ ಇದ್ದುದನ್ನೂ, ದೆಹಲಿಯ ರಾಡಾರ್ ವಿಮಾನದ ಎತ್ತರವನ್ನು ತೋರಿಸುತ್ತಿರಲಿಲ್ಲ ಎಂಬುದನ್ನೂ ಮರೆಯಲಾಗದು. ವಿಮಾನದಿಂದ ಬಂದ ಮಾತನ್ನು ನಂಬುವುದಷ್ಟೇ ನೆಲದಿಂದ ವಿಮಾನಗಳಿಗೆ ದಾರಿ ಹೇಳುವ ನಿಯಂತ್ರಕರಿಗೆ ಉಳಿದಿತ್ತು.

ನೀವು ಕೇಳಿದ ಯಂತ್ರದ ಹೆಸರು ಟಿಕ್ಯಾಸ್. ಈ ದುರಂತದ ನಂತರವೇ ಭಾರತ ಅದನ್ನು ಕಡ್ಡಾಯಗೊಳಿಸಿತು. ಎದುರಿನ ವಿಮಾನದ ಟ್ರಾನ್ಸ್‌ಪಾಂಡರ್ (ಎತ್ತರ ಮುಂತಾದುದನ್ನು ರೇಡಿಯೊ ಮೂಲಕ ತಿಳಿಸುವ ಸಾಧನ) ಸಂಕೇತದಿಂದ ಅದರ ದೂರ ಮತ್ತು ಎತ್ತರವನ್ನು ಅರಿತು, ಒಂದು ವಿಮಾನಕ್ಕೆ ಏರಲು, ಇನ್ನೊಂದಕ್ಕೆ ಇಳಿಯಲು ಅದು ಹೇಳುತ್ತದೆ. ಆದರೆ ನೆಲದಿಂದ ಸುಮಾರು 1,000 ಅಡಿಗಿಂತ ಕೆಳಗೆ ಅಂಥ ಆಜ್ಞೆಯನ್ನು ಕೊಡದಂತೆಯೇ ಅದನ್ನು ರೂಪಿಸಲಾಗಿದೆ, ಏಕೆಂದರೆ ಅಷ್ಟು ಕೆಳಗೆ ತಟ್ಟನೆ ಇಳಿಯುವುದೇ ಅಪಾಯ.

ಆಗ ಉಳಿಯುವುದು ನಿಯಂತ್ರಕರ ಎಚ್ಚರ ಮತ್ತು ಪೈಲಟ್‌ನ ಕಣ್ಣು. ಕಣ್ಣನ್ನು ನಾನು ಹೆಚ್ಚು ನಂಬಲಾರೆ. ನೇರ ಡಿಕ್ಕಿಯ ದಾರಿಯಲ್ಲಿ ಬರುವ ವಿಮಾನ ಗಾಜಿನಲ್ಲಿ ಅತ್ತಿತ್ತ ಸರಿಯುವುದಿಲ್ಲ. ಒಂದೇ ಕಡೆ ಚುಕ್ಕಿಯಂತೆ ನಿಂತಿದ್ದು, ಕೊನೆಯ ಕೆಲವು ಸೆಕೆಂಡುಗಳಲ್ಲಿ ಒಮ್ಮೆಲೇ ದೊಡ್ಡದಾಗುತ್ತದೆ. 1978ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೊದಲ್ಲಿ ಬೋಯಿಂಗ್ 727ರ ಪೈಲಟ್‌ಗಳು ಮುಂದಿದ್ದ ಸಣ್ಣ ಸೆಸ್ನಾ ವಿಮಾನ ಕಂಡಿತೆಂದು ತಿಳಿಸಿದರು, ಬಳಿಕ ಅದು ಅವರ ಕಣ್ತಪ್ಪಿತು. ಎರಡೂ ಡಿಕ್ಕಿಯಾಗಿ 144 ಜನ ಸತ್ತರು. 2025ರ ಜನವರಿ 29ರ ರಾತ್ರಿ ವಾಷಿಂಗ್ಟನ್‌ನಲ್ಲಿಯೂ, ವಿಮಾನ ಕಾಣುತ್ತಿದೆ ಎಂದು ಸೇನಾ ಹೆಲಿಕಾಪ್ಟರಿನವರು ಹೇಳಿದ್ದರು. 200 ಅಡಿಯ ಮಿತಿಯಿದ್ದ ಆ ಹೆಲಿಕಾಪ್ಟರ್ ಸುಮಾರು 300 ಅಡಿಯಲ್ಲಿ ಪ್ರಯಾಣಿಕ ವಿಮಾನಕ್ಕೆ ಬಡಿದು 67 ಮಂದಿ ಅಸುನೀಗಿದರು.

ಹುಬ್ಬಳ್ಳಿಯಲ್ಲಿ ದೆಹಲಿಯಷ್ಟು ಸಂದಣಿಯಿಲ್ಲ. ಆದರೂ ನಿಮ್ಮ ಮನೆಯ ಬಳಿ ವಿಮಾನ ತೀರಾ ಕೆಳಗೆ ಬಂದಂತೆ ಕಂಡಾಗ, ಬಹುಶಃ ಅದರ ಟಿಕ್ಯಾಸ್ ಆಜ್ಞೆ ನೀಡುವ ಎತ್ತರವನ್ನು ದಾಟಿ ಕೆಳಗಿಳಿದಿರುತ್ತದೆ.