ಆ ನಗು ಯಂತ್ರದ್ದಲ್ಲ, ಮುನ್ನೂರು ಜನರದ್ದು

ಶಿವಮೊಗ್ಗದ ಓದುಗರೊಬ್ಬರ ಪತ್ರ:

‘ಮಗಳು ಹೇಳಿದಳೆಂದು ಬ್ರಿಟನ್ನಿನ ಹಳೇ ಹಾಸ್ಯ ಧಾರಾವಾಹಿ “ಫಾಲ್ಟಿ ಟವರ್ಸ್” ಪೂರ್ತಿ ನೋಡಿ ಮುಗಿಸಿದೆ. ಹನ್ನೆರಡೇ ಕಂತು! ಇಷ್ಟು ಚೆನ್ನಾಗಿರುವುದನ್ನು ಯಾಕೆ ನಿಲ್ಲಿಸಿದರು? ಹಿಂದಿನಿಂದ ಕೇಳುವ ನಗು ಯಂತ್ರದ್ದೇ? ಹೋಟೆಲಿನ ಒಳಗೆ ಚಿತ್ರ ಕನ್ನಡಿಯಂತಿದ್ದು, ಬಾಗಿಲು ದಾಟಿ ಹೊರಗೆ ಬಂದ ಕೂಡಲೇ ಹಳೇ ಸಿನಿಮಾದಂತೆ ಮಂಕಾಗುವುದೇಕೆ? “ಮೈಂಡ್ ಯುವರ್ ಲಾಂಗ್ವೇಜ್” ನೋಡಿ ಬಿದ್ದು ಬಿದ್ದು ನಕ್ಕಿದ್ದೆ, ಈಗ ಅದನ್ನು ನೋಡಬಾರದು ಅನ್ನುತ್ತಾರೆ. ಮುಂದೆ ಏನು ನೋಡಲಿ?’

ಸಂಪಾದಕರ ಉತ್ತರ:

ನಗುವಿನಿಂದಲೇ ಶುರು ಮಾಡೋಣ, ಉಳಿದದ್ದೆಲ್ಲ ಅದರ ಬೆನ್ನಿಗೇ ಬರುತ್ತದೆ. ಆ ನಗು ನಿಜ. ಆಗಿನ ಬ್ರಿಟಿಷ್ ಸಿಟ್‌ಕಾಮ್ (ಸನ್ನಿವೇಶ ಹಾಸ್ಯದ ಸರಣಿ) ಎಂದರೆ ಒಂದೇ ರಾತ್ರಿಯ ನಾಟಕ, ಮುಂದೆ ಜನ, ನಡುವೆ ನಾಲ್ಕೈದು ಕ್ಯಾಮೆರಾ. ಡಬ್ಬಿಯಲ್ಲಿ ತುಂಬಿಟ್ಟ ನಗು ಅಮೆರಿಕದವರ ಅಭ್ಯಾಸ. ಅಲ್ಲಿ ಚಾರ್ಲಿ ಡಗ್ಲಸ್ ಎಂಬ ಧ್ವನಿ ತಂತ್ರಜ್ಞ 1950ರ ದಶಕದಲ್ಲಿ ಗುಂಡಿ ಒತ್ತಿದರೆ ಬೇಕಾದ ಬಗೆಯ ನಗು ಹೊರಡಿಸುವ ಪೆಟ್ಟಿಗೆಯನ್ನೇ ಮಾಡಿಕೊಂಡಿದ್ದ. ಅಮೆರಿಕದ ಹಾಸ್ಯ ಸರಣಿ ‘ಮ್ಯಾಶ್’ ಬಿಬಿಸಿಯಲ್ಲಿ ಬಂದಾಗ ಆ ನಗುವನ್ನು ತೆಗೆದೇ ತೋರಿಸುತ್ತಿದ್ದರು.

ಬಿಬಿಸಿಯ ಪದ್ಧತಿ ಹೀಗಿತ್ತು. ವಾರದಲ್ಲಿ ಐದು ದಿನ ತಾಲೀಮು. ಅದು ಸ್ಟುಡಿಯೊದಲ್ಲಲ್ಲ, ಬೇರೆ ಹಾಲ್‌ನಲ್ಲಿ. 1970ರಿಂದ ಪಶ್ಚಿಮ ಲಂಡನ್ನಿನ ಆಕ್ಟನ್‌ನಲ್ಲಿ ಇದಕ್ಕೆಂದೇ ಬಹುಮಹಡಿ ಕಟ್ಟಡವೊಂದು ಇತ್ತು, ಕಲಾವಿದರು ತಮಾಷೆಗೆ ಅದನ್ನು ‘ಆಕ್ಟನ್ ಹಿಲ್ಟನ್’ ಎನ್ನುತ್ತಿದ್ದರು. ನೆಲದ ಮೇಲೆ ಬಣ್ಣದ ಟೇಪ್ ಅಂಟಿಸಿ ಗೋಡೆ, ಮೆಟ್ಟಿಲು, ಮೇಜು ಎಲ್ಲಿ ಬರುತ್ತವೆಂದು ಗುರುತು ಹಾಕುವರು, ಬಾಗಿಲಿದ್ದ ಕಡೆ ಕಂಬ ನಿಲ್ಲಿಸುವರು. ಆರನೆಯ ದಿನ ಸ್ಟುಡಿಯೊ. ಹಗಲೆಲ್ಲ ಕ್ಯಾಮೆರಾ ತಾಲೀಮು, ಸಂಜೆ ವೇಷ ಹಾಕಿಕೊಂಡು ಒಂದು ಸುತ್ತು, ರಾತ್ರಿ ಎಂಟರ ಹೊತ್ತಿಗೆ ಉಚಿತ ಟಿಕೆಟ್ಟಿನಲ್ಲಿ ಬಂದ ಸುಮಾರು ಮುನ್ನೂರು ಜನರೆದುರು ರೆಕಾರ್ಡಿಂಗ್. ಹತ್ತು ಗಂಟೆಯೊಳಗೆ ಮುಗಿಯಬೇಕು, ಮೀರಿದರೆ ಕಾರ್ಮಿಕರಿಗೆ ಓವರ್‌ಟೈಮ್. ಸೆಟ್ ಬದಲಾಗುವಾಗ, ವೇಷ ಬದಲಾಗುವಾಗ ಜನರ ಹುರುಪು ಇಳಿಯದಂತೆ ಮಾತಾಡಿಸುವುದಕ್ಕೇ ಒಬ್ಬ ಹಾಸ್ಯಗಾರ ಇರುತ್ತಿದ್ದ.

ಸೆಟ್ಟುಗಳು ಪಕ್ಕಪಕ್ಕದಲ್ಲಿ ಸಾಲಾಗಿ ನಿಲ್ಲುತ್ತಿದ್ದವು, ಪ್ರತಿಯೊಂದಕ್ಕೂ ಮೂರೇ ಗೋಡೆ. ಊಟದ ಮೇಜಿಗೆ ಕೂತವರಲ್ಲಿ ಒಬ್ಬರೂ ನಮಗೆ ಬೆನ್ನು ತೋರಿಸದಿರುವುದನ್ನು ಗಮನಿಸಿದ್ದೀರಾ? ಆ ಕಡೆ ಪ್ರೇಕ್ಷಕರು ಇರುತ್ತಿದ್ದರು, ಕ್ಯಾಮೆರಾವೂ ಅಲ್ಲೇ. ಯಾವ ಕ್ಯಾಮೆರಾದ ಚಿತ್ರ ಯಾವಾಗ ಬರಬೇಕೆಂದು ಮಹಡಿಯ ಕೋಣೆಯಲ್ಲಿ ಕೂತವರು ಆಗಿಂದಾಗಲೇ ಬದಲಿಸುತ್ತಿದ್ದರು. ಟೇಪನ್ನು ಆಮೇಲೆ ಕತ್ತರಿಸಿ ಜೋಡಿಸುವುದು ಕಷ್ಟವೂ ಹೌದು, ದುಬಾರಿಯೂ ಹೌದು. ಆದ್ದರಿಂದ ದೃಶ್ಯಗಳನ್ನು ಬಹುಪಾಲು ಕತೆಯ ಕ್ರಮದಲ್ಲೇ ಆಡುತ್ತಿದ್ದರು, ಜನರಿಗೂ ಕತೆ ತಿಳಿಯುತ್ತಿತ್ತು.

ನಗು ಕೇಳಿದಾಗ ನಟ ಮುಂದಿನ ಮಾತನ್ನು ಒಂದು ಉಸಿರು ತಡೆದು ಹಿಡಿಯಬೇಕು. ಕಂಪನಿ ನಾಟಕ ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಬೇಗ ಮಾತಾಡಿದರೆ ಮಾತು ನಗುವಿನಲ್ಲಿ ಮುಳುಗುತ್ತದೆ, ತಡವಾದರೆ ಕಾವು ಆರುತ್ತದೆ. ತಾಪತ್ರಯ ಬರುವುದು ನಟ ಮಾತು ತಪ್ಪಿದಾಗ. ಅದೇ ಜೋಕನ್ನು ಎರಡನೇ ಸಲ ಹೇಳಿದರೆ ಜನ ಅಷ್ಟು ನಗುವುದಿಲ್ಲ. ಆಗ ಮೊದಲ ಸಲದ ನಗುವನ್ನು ತಂದು ಎರಡನೇ ಸಲದ ಚಿತ್ರಕ್ಕೆ ಹೊಂದಿಸುತ್ತಿದ್ದುದುಂಟು. ಯಂತ್ರದ ಕೈವಾಡ ಇದ್ದುದು ಅಷ್ಟೇ.

ಈ ಒಂದು ರಾತ್ರಿಯ ಪಂದ್ಯ ನಟರಿಗೆ ಸುಲಭವಾಗಿರಲಿಲ್ಲ. 1961ರ ‘ದ ಬ್ಲಡ್ ಡೋನರ್’ ಇಂದಿಗೂ ಹೆಸರಾದ ಕಂತು. ಅದನ್ನು ಎಚ್ಚರದಿಂದ ನೋಡಿದರೆ ಹಾಸ್ಯನಟ ಟೋನಿ ಹ್ಯಾನ್‌ಕಾಕ್ ಎದುರಿನ ನಟನ ಮುಖ ನೋಡದೆ ಪಕ್ಕಕ್ಕೆ ನೋಡುತ್ತಾ ಮಾತಾಡುವುದು ಕಾಣುತ್ತದೆ. ಸ್ವಲ್ಪ ಮುಂಚೆ ಕಾರು ಅಪಘಾತವಾಗಿ ಮಾತು ಬಾಯಿಪಾಠ ಮಾಡಲಾಗದೆ, ಟೆಲಿಪ್ರಾಂಪ್ಟರ್ ನೋಡಿ ಓದುತ್ತಿದ್ದ. ‘ಫಾಲ್ಟಿ ಟವರ್ಸ್’ನಲ್ಲಿ ಮಾಣಿ ಮ್ಯಾನ್ಯುಯೆಲ್ ಆಗಿದ್ದ ಆಂಡ್ರ್ಯೂ ಸ್ಯಾಕ್ಸ್ ಪಟ್ಟ ಪಾಡು ಇನ್ನೂ ದೊಡ್ಡದು. ಒಂದು ಕಂತಿನಲ್ಲಿ ಹೋಟೆಲ್ ಮಾಲೀಕ ಬೇಸಿಲ್ ಆಗಿದ್ದ ಜಾನ್ ಕ್ಲೀಸ್ ಇವರ ತಲೆಗೆ ಬಡಿದ ಬಾಣಲೆ ನಿಜವಾದ ಲೋಹದ್ದು. ‘ದ ಜರ್ಮನ್ಸ್’ ಕಂತಿನಲ್ಲಿ ಅಡುಗೆಮನೆಗೆ ಬೆಂಕಿ ಬಿದ್ದ ದೃಶ್ಯಕ್ಕಾಗಿ ಕೋಟಿನಿಂದ ಹೊಗೆ ಬರಲೆಂದು ಬಳಿದ ರಾಸಾಯನಿಕ ಬಟ್ಟೆಯೊಳಗೆ ಇಳಿದು ಅವರ ಚರ್ಮ ಸುಟ್ಟಿತು.

ಇನ್ನು ಒಳಗೆ ಹೊರಗೆ ಚಿತ್ರ ಬದಲಾಗುವ ವಿಷಯ. ಇದನ್ನು ಗುರುತಿಸಿದ ನಿಮ್ಮ ಕಣ್ಣಿಗೆ ಶಹಭಾಸ್. ಸ್ಟುಡಿಯೊದ ಎಲೆಕ್ಟ್ರಾನಿಕ್ ಕ್ಯಾಮೆರಾ ಸೆಕೆಂಡಿಗೆ 50 ಅರೆಚಿತ್ರಗಳನ್ನು ವಿಡಿಯೊಟೇಪಿಗೆ ಕಳಿಸುತ್ತದೆ, ಹಾಗಾಗಿ ಅಲುಗಾಟ ನೀರು ಹರಿದಂತೆ ನಯ. ಆ ಕ್ಯಾಮೆರಾಗಳು ಭಾರ, ಹಿಂದೆ ಕೇಬಲ್ಲಿನ ಬಾಲ ಬೇರೆ. ಬೀದಿಗೆ ಒಯ್ಯುವುದು ರಗಳೆ. ಹೊರಾಂಗಣಕ್ಕೆ 16 ಎಂಎಂ ಫಿಲ್ಮ್ ಕ್ಯಾಮೆರಾ ಹೋಗುತ್ತಿತ್ತು. ಅದರದ್ದು ಸೆಕೆಂಡಿಗೆ 25 ಚಿತ್ರ, ಮೇಲೆ ಫಿಲ್ಮಿನ ಕಾಳುಕಾಳು. ಬಾಗಿಲು ದಾಟಿದೊಡನೆ ನಿಮಗೆ ಕಂಡದ್ದು ಈ ಎರಡರ ಗಡಿ. ‘ಮಾಂಟಿ ಪೈಥನ್’ ಹಾಸ್ಯ ತಂಡದವರು 1970ರಲ್ಲಿ ಇದನ್ನೇ ತಮಾಷೆ ಮಾಡಿದ್ದರು: ಒಬ್ಬ ಬಾಗಿಲು ತೆರೆದು ಹೊರಗೆ ಕಾಲಿಡುತ್ತಾನೆ, ತಾನು ಫಿಲ್ಮಿನಲ್ಲಿರುವುದು ತಿಳಿದು ಗಾಬರಿಯಾಗಿ ಒಳಗೋಡಿ ಬರುತ್ತಾನೆ, ಕೋಣೆಯ ಸುತ್ತ ಎಲ್ಲ ಕಡೆ ಫಿಲ್ಮೇ ಇದೆ ಎಂದು ಉಳಿದವರಿಗೆ ಸುದ್ದಿ ಹೇಳುತ್ತಾನೆ.

ಒಂದು ಸರಣಿಯ ಎಲ್ಲ ಕಂತುಗಳ ಹೊರಾಂಗಣವನ್ನು ಮೊದಲೇ ಒಟ್ಟಿಗೆ ಮುಗಿಸಿಕೊಳ್ಳುವುದು ವಾಡಿಕೆ. ‘ಡ್ಯಾಡ್ಸ್ ಆರ್ಮಿ’ ಸಿಟ್‌ಕಾಮ್‌ನವರು ಇದಕ್ಕಾಗಿ ನಾರ್ಫೋಕ್‌ನ ಥೆಟ್‌ಫೋರ್ಡ್‌ಗೆ ಹೋಗುತ್ತಿದ್ದರು. ರೆಕಾರ್ಡಿಂಗ್ ರಾತ್ರಿ ಆ ತುಣುಕುಗಳನ್ನು ಜನರ ತಲೆಯ ಮೇಲಿದ್ದ ಟಿವಿಗಳಲ್ಲಿ ತೋರಿಸಿ, ಅವರು ನಕ್ಕದ್ದನ್ನು ಸೇರಿಸಿಕೊಳ್ಳುತ್ತಿದ್ದರು. ಬಯಲಿನಲ್ಲಿ ನಟಿಸುವಾಗ ಎದುರಿಗೆ ಜನರಿಲ್ಲ. ನಗು ಎಷ್ಟು ಹೊತ್ತು ಬರಬಹುದೆಂದು ಅಂದಾಜಿನ ಮೇಲೆ ಬಿಡುವು ಬಿಡಬೇಕು. ಅಂದಾಜು ತಪ್ಪಿದ ಕಡೆಯೆಲ್ಲ ಇಂದಿಗೂ ಗೊತ್ತಾಗುತ್ತದೆ: ನಟರು ಸುಮ್ಮನೆ ನಿಂತಿರುತ್ತಾರೆ, ಇಲ್ಲವೇ ಮಾತು ನಗುವಿನಡಿ ಸಿಕ್ಕಿ ಹೋಗಿರುತ್ತದೆ.

ಹನ್ನೆರಡೇ ಕಂತು ಏಕೆ? ದಿನಕ್ಕೊಂದು ಕಂತಿನ ಧಾರಾವಾಹಿಗೆ ಒಗ್ಗಿದ ನಮಗೆ ಇದು ಜಿಪುಣತನ ಅನಿಸುತ್ತದೆ. ಅಮೆರಿಕದಲ್ಲಿ ಕೋಣೆ ತುಂಬ ಬರಹಗಾರರನ್ನು ಕೂರಿಸಿ ವರ್ಷಕ್ಕೆ ಇಪ್ಪತ್ತಕ್ಕೂ ಹೆಚ್ಚು ಕಂತು ತೆಗೆಯುತ್ತಿದ್ದರು. ಬ್ರಿಟನ್ನಿನಲ್ಲಿ ಒಬ್ಬರು, ಹೆಚ್ಚೆಂದರೆ ಇಬ್ಬರು. ಹಾಗಾಗಿ ಸರಣಿಗೆ ಆರೇಳು ಕಂತು. ಇದಕ್ಕೂ ರಾಯ್ ಕ್ಲಾರ್ಕ್ ಎಂಬ ಅಪವಾದವಿದೆ. ‘ಲಾಸ್ಟ್ ಆಫ್ ದ ಸಮ್ಮರ್ ವೈನ್’ನ 295 ಕಂತುಗಳನ್ನೂ 1973ರಿಂದ 2010ರವರೆಗೆ ಅವರೊಬ್ಬರೇ ಬರೆದರು. ಆ 295ರಲ್ಲಿ ಎಷ್ಟು ಕಂತು ನೆನಪಿನಲ್ಲಿ ಉಳಿಯುತ್ತವೆ ಎನ್ನುವುದು ಬೇರೆ ಮಾತು.

ಕ್ಲೀಸ್ ಮತ್ತು ಕಾನಿ ಬೂತ್ ಬರೆದ ‘ಫಾಲ್ಟಿ ಟವರ್ಸ್’ ಸ್ಕ್ರಿಪ್ಟ್ ಮಾಮೂಲಿ ಅರ್ಧ ಗಂಟೆಯ ಸ್ಕ್ರಿಪ್ಟಿನ ಹತ್ತಿರ ಹತ್ತಿರ ಎರಡರಷ್ಟು ದಪ್ಪ. ಒಂದಕ್ಕೆ ವಾರಗಟ್ಟಲೆ ಹಿಡಿಯುತ್ತಿತ್ತು, ಮಾತು ಬರೆಯುವ ಮುಂಚೆ ಕತೆಯ ಹೆಣಿಗೆಗೇ ಬಹಳ ಸಮಯ. ಮೊದಲ ಆರು 1975ರಲ್ಲಿ ಬಂದವು. ಎರಡನೇ ಆರು 1979ರಲ್ಲಿ. ಅದರಲ್ಲೂ ಕೊನೆಯದು ಬಿಬಿಸಿಯಲ್ಲಿ ಮುಷ್ಕರ ನಡೆದದ್ದರಿಂದ ಅಕ್ಟೋಬರ್ 25ರ ತನಕ ಪ್ರಸಾರವಾಗಲಿಲ್ಲ, ಅದರ ಹಿಂದಿನದು ಬಂದಿದ್ದು ಮಾರ್ಚ್‌ನಲ್ಲಿ.

ಹೆಣಿಗೆ ಎಂದರೇನೆಂದು ತಿಳಿಯಲು ‘ಕಮ್ಯುನಿಕೇಷನ್ ಪ್ರಾಬ್ಲಮ್ಸ್’ ಕಂತನ್ನು ಮತ್ತೊಮ್ಮೆ ಹಾಕಿ. ಬೇಸಿಲ್ ಹೆಂಡತಿಗೆ ಗೊತ್ತಾಗದಂತೆ ಕುದುರೆಗೆ ದುಡ್ಡು ಕಟ್ಟಿ 75 ಪೌಂಡ್ ಗೆಲ್ಲುತ್ತಾನೆ. ಮ್ಯಾನ್ಯುಯೆಲ್‌ಗೆ ‘ಯಾರು ಕೇಳಿದರೂ ನಿನಗೇನೂ ಗೊತ್ತಿಲ್ಲ’ ಎಂದು ಉರು ಹೊಡೆಸುತ್ತಾನೆ. ಅತ್ತ ಶ್ರವಣಯಂತ್ರದ ಬ್ಯಾಟರಿ ಉಳಿಸಲು ಅದನ್ನು ಆರಿಸಿಟ್ಟುಕೊಳ್ಳುವ ಮುದುಕಿಯೊಬ್ಬಳ ದುಡ್ಡು ಕಾಣೆಯಾಗಿದೆ. ಬೇಸಿಲ್ ಕೈಯಲ್ಲಿರುವುದು ಅವನದೇ ದುಡ್ಡು ಎಂದು ಸಾಕ್ಷಿ ಹೇಳಬಲ್ಲವನು ಮ್ಯಾನ್ಯುಯೆಲ್ ಒಬ್ಬನೇ. ಕೇಳಿದಾಗ ಅವನು ಎದೆಯುಬ್ಬಿಸಿ ‘ನನಗೇನೂ ಗೊತ್ತಿಲ್ಲ’ ಎನ್ನುತ್ತಾನೆ. ಪಾಠ ಒಪ್ಪಿಸಿದ ಖುಷಿ ಅವನಿಗೆ. ಬೀಜ ಬಿತ್ತಿದ್ದು ಬೇಸಿಲ್, ಫಸಲು ಕೊಯ್ದದ್ದೂ ಬೇಸಿಲ್. ಒಂದು ಸುಳ್ಳು ತೆಗೆದರೆ ಕತೆ ಪೂರ್ತಿ ಕುಸಿಯುತ್ತದೆ. ಇಂಥದ್ದನ್ನು ವರ್ಷಕ್ಕೆ ಇಪ್ಪತ್ತು ಬರೆಯುವುದು ಇಬ್ಬರ ಕೈಯಲ್ಲಿ ಆಗುವ ಕೆಲಸವಲ್ಲ.

ಹೊಸ ಕಲ್ಪನೆಗಳನ್ನು ಪರೀಕ್ಷಿಸುವ ದಾರಿಯೂ ರಂಗಭೂಮಿಯದ್ದೇ. ಬಿಬಿಸಿಯ ‘ಕಾಮಿಡಿ ಪ್ಲೇಹೌಸ್’ನಲ್ಲಿ ಬಿಡಿ ಏಕಾಂಕಗಳನ್ನು ಆಡಿಸಿ, ಜನ ಮೆಚ್ಚಿದ್ದನ್ನು ಸರಣಿ ಮಾಡುತ್ತಿದ್ದರು. 1962ರ ಜನವರಿಯಲ್ಲಿ ಗಾಲ್ಟನ್ ಮತ್ತು ಸಿಂಪ್ಸನ್ ಬರೆದ ‘ದ ಆಫರ್’ ಹಾಗೆ ಬಂದು ‘ಸ್ಟೆಪ್‌ಟೋ ಅಂಡ್ ಸನ್’ ಆಯಿತು. ಅದಕ್ಕೆ ಹಾಸ್ಯಗಾರರನ್ನು ಹಾಕದೆ ಗಂಭೀರ ನಟರನ್ನು ಹಾಕಿದ್ದು ದೊಡ್ಡ ತಿರುವು. ಗುಜರಿ ವ್ಯಾಪಾರದ ಅಪ್ಪ ಮಗನ ಜಗಳದಲ್ಲಿ ನಗು ಎಷ್ಟೋ, ಸಂಕಟವೂ ಅಷ್ಟೇ. 1964ರ ಚುನಾವಣೆಯ ದಿನ ಇದರ ಮರುಪ್ರಸಾರವಿದ್ದರೆ ತಮ್ಮ ಮತದಾರರು ಮನೆ ಬಿಟ್ಟು ಹೊರಡುವುದಿಲ್ಲವೆಂದು ಲೇಬರ್ ಪಕ್ಷದ ನಾಯಕ ಹೆರಾಲ್ಡ್ ವಿಲ್ಸನ್ ಬಿಬಿಸಿಯ ಬಾಗಿಲು ತಟ್ಟಿ, ಸಮಯ ಬದಲಿಸುವಂತೆ ಮಾಡಿದರು.

ಇಷ್ಟು ಕಷ್ಟಪಟ್ಟು ಮಾಡಿದ್ದನ್ನು ಆಮೇಲೆ ಅವರೇ ಅಳಿಸಿದರು! ಎರಡು ಇಂಚು ಅಗಲದ ಟೇಪ್ ದುಬಾರಿ, ಅಳಿಸಿ ಮತ್ತೆ ಬಳಸಬಹುದು. ಕಲಾವಿದರ ಸಂಘದ ಕರಾರಿನಿಂದಾಗಿ ಮರುಪ್ರಸಾರಕ್ಕೂ ಮಿತಿ ಇತ್ತು. ಹಾಗಾಗಿ 1970ರ ದಶಕದ ಕೊನೆಯವರೆಗೂ ಎಷ್ಟೋ ಕಂತು ಮಾಯವಾದವು. ‘ಡ್ಯಾಡ್ಸ್ ಆರ್ಮಿ’ಯ 80 ಕಂತುಗಳಲ್ಲಿ ಮೂರು ಇಂದಿಗೂ ಸಿಕ್ಕಿಲ್ಲ. ಅದೇ ಸರಣಿಯ 1969ರ ‘ರೂಮ್ ಅಟ್ ದ ಬಾಟಮ್’ ಕಂತಿನದು ಮಾತ್ರ ಬೇರೆಯೇ ಭಾಗ್ಯ. ಬಣ್ಣದ ಟೇಪ್ ಹೋಗಿತ್ತು. ಉಳಿದದ್ದು ಟಿವಿ ಪರದೆಯನ್ನೇ ಕಪ್ಪುಬಿಳುಪು ಫಿಲ್ಮಿನಲ್ಲಿ ಹಿಡಿದ ಪ್ರತಿ. ಬಣ್ಣದ ಸಂಕೇತ ಆ ಪರದೆಯ ಮೇಲೆ ಸಣ್ಣ ಸಣ್ಣ ಚುಕ್ಕಿಗಳಾಗಿ ಕಾಣುತ್ತಿತ್ತು. ಅದನ್ನು ಸೋಸದೆ ಫಿಲ್ಮ್ ಮಾಡಿದ್ದರಿಂದ ಚುಕ್ಕಿಗಳೂ ಅಚ್ಚಾಗಿ ಉಳಿದಿದ್ದವು. ದಶಕಗಳ ಬಳಿಕ ತಂತ್ರಜ್ಞರು ಆ ಫಿಲ್ಮನ್ನು ಸೂಕ್ಷ್ಮವಾಗಿ ಸ್ಕ್ಯಾನ್ ಮಾಡಿ, ಚುಕ್ಕಿಗಳ ವಿನ್ಯಾಸದಿಂದಲೇ ಮೂಲ ಬಣ್ಣವನ್ನು ಲೆಕ್ಕಹಾಕಿ ತೆಗೆದರು. 2008ರಲ್ಲಿ ಅದು ಬಣ್ಣದಲ್ಲಿ ಮರುಪ್ರಸಾರವಾಯಿತು. ಯಾರೋ ಸೋಸುವುದನ್ನು ಮರೆತದ್ದೇ ಉಪಕಾರವಾಯಿತು.

‘ಮೈಂಡ್ ಯುವರ್ ಲಾಂಗ್ವೇಜ್’ ನೋಡಬಾರದೆಂದು ನಾವು ಹೇಳುವುದಿಲ್ಲ. ಬೇರೆ ಬೇರೆ ದೇಶದವರು ಇಂಗ್ಲಿಷ್ ಕಲಿಯುವ ತರಗತಿಯ ಈ ಕತೆಯನ್ನು ಖಾಸಗಿ ವಾಹಿನಿ ಐಟಿವಿಗಾಗಿ ಲಂಡನ್ ವೀಕೆಂಡ್ ಟೆಲಿವಿಷನ್ 1977ರಿಂದ 1979ರವರೆಗೆ 29 ಕಂತು ಮಾಡಿ ನಿಲ್ಲಿಸಿತು. ಜನಾಂಗಗಳನ್ನು ಅಚ್ಚಿಗೆ ಹಾಕಿ ನಗುವುದು ಸರಿಯಲ್ಲವೆಂಬುದು ಅಲ್ಲಿನ ಮುಖ್ಯಸ್ಥರಲ್ಲೊಬ್ಬರಾದ ಮೈಕಲ್ ಗ್ರೇಡ್ ಅವರ ನಿಲುವು. ಹಾಗಿದ್ದೂ ನಮ್ಮಲ್ಲಿ ಅದಕ್ಕೆ ಪ್ರೀತಿ ಕಡಿಮೆಯಾಗಲಿಲ್ಲ, 1993ರಲ್ಲಿ ಪಂಕಜ್ ಕಪೂರ್ ಮೇಷ್ಟ್ರಾಗಿ ಹಿಂದಿಯಲ್ಲಿ ‘ಜಬಾನ್ ಸಂಭಾಲ್‌ಕೆ’ ಬಂತು. ನಮ್ಮ ತಕರಾರು ಕಸುಬಿನ ಬಗ್ಗೆ. ಒಂದೊಂದು ದೇಶಕ್ಕೆ ಒಂದೊಂದೇ ಲಕ್ಷಣ, ಭಾರತದ ಗೃಹಿಣಿ ಜಮೀಲಾ ಎಂದರೆ ಹೆಣಿಗೆ ಕಡ್ಡಿ. ಮೂರು ಕಂತಿನೊಳಗೆ ಎಲ್ಲ ಜೋಕೂ ಮುಗಿದಿರುತ್ತವೆ. ಮ್ಯಾನ್ಯುಯೆಲ್‌ನ ಇಂಗ್ಲಿಷೂ ಹರುಕುಮುರುಕೇ. ಆದರೆ ಅಲ್ಲಿ ನಗೆಪಾಟಲಾಗುವುದು ಕಡಿಮೆ ಸಂಬಳಕ್ಕೆ ಅವನನ್ನು ತಂದು ಅವನ ಮೇಲೇ ಕೂಗಾಡುವ ಧಣಿ. ಹಿಂದಿಗೆ ಬಂದ ಇನ್ನೊಂದು, ‘ಯೆಸ್ ಮಿನಿಸ್ಟರ್’, 2001ರಲ್ಲಿ ಸ್ಟಾರ್ ಪ್ಲಸ್‌ನಲ್ಲಿ ‘ಜೀ ಮಂತ್ರೀಜಿ’ ಆಯಿತು, ಫಾರೂಕ್ ಶೇಖ್ ಮಂತ್ರಿ. ಮಂತ್ರಿ, ಕಾರ್ಯದರ್ಶಿ, ಕಡತ ಎಲ್ಲ ನಮ್ಮಲ್ಲೂ ಇರುವುದರಿಂದ ಹೆಚ್ಚು ಬದಲಿಸಬೇಕಾಗಲಿಲ್ಲ.

ಮುಂದೆ ನೋಡಲು: ‘ಯೆಸ್ ಮಿನಿಸ್ಟರ್’ ಮೊದಲ ಕಂತಿನಿಂದಲೇ, ಕ್ರಮ ತಪ್ಪಿಸದೆ. ‘ಬ್ಲ್ಯಾಕ್ ಆಡರ್’ ಎರಡನೇ ಸರಣಿಯಿಂದ (1986). ಮೊದಲನೆಯದರಲ್ಲಿ ಹೊರಾಂಗಣಕ್ಕೆ ಸುರಿದ ಹಣ ಕಾಣುತ್ತದೆ, ಮೊನಚು ಕಾಣುವುದಿಲ್ಲ. ಖರ್ಚು ಕಡಿತವಾಗಿ ಸ್ಟುಡಿಯೊಕ್ಕೆ ಬಂದ ಮೇಲೆ ಮಾತು ಹರಿತವಾಯಿತು. ‘ಪಾರಿಜ್’ನಲ್ಲಿ ‘ಎ ನೈಟ್ ಇನ್’ ನೋಡಿ, ಜೈಲಿನ ಒಂದು ಕೋಣೆ, ಇಬ್ಬರು ಕೈದಿಗಳು, ಬೇರೇನೂ ಇಲ್ಲ. ‘ಸ್ಟೆಪ್‌ಟೋ’ದಲ್ಲಿ 1972ರ ‘ಡಿವೈಡೆಡ್ ವಿ ಸ್ಟ್ಯಾಂಡ್’: ಅಪ್ಪನ ಕಾಟ ತಾಳದೆ ಮಗ ಮನೆಯ ನಡುವೆ ಹಲಗೆ ಬಡಿದು ಪಾಲು ಮಾಡುತ್ತಾನೆ. ಮನೆ ಪಾಲಾಗುವುದನ್ನು ಕಂಡವರಿಗೆ ಇದು ಚೆನ್ನಾಗಿ ತಾಗುತ್ತದೆ. ಪ್ರೇಕ್ಷಕರ ನಗು ಕೇಳಿಸದ ಸಿಟ್‌ಕಾಮ್ ಹೇಗಿರುತ್ತದೆಂದು ತಿಳಿಯಬೇಕಿದ್ದರೆ ಆಮೇಲೆ ‘ದ ರಾಯ್ಲ್ ಫ್ಯಾಮಿಲಿ’ (1998), ‘ದ ಆಫೀಸ್’ (2001).

ನೋಡುವ ಮುಂಚೆ ಟಿವಿಯ ಸೆಟ್ಟಿಂಗ್‌ನಲ್ಲಿ ಚಿತ್ರದ ಅಳತೆಯನ್ನು 4:3ಕ್ಕೆ ಇಡಿ, ಎರಡು ಬದಿ ಕಪ್ಪು ಪಟ್ಟಿ ಬಂದರೆ ಬರಲಿ. ಎಳೆದು ಅಗಲಿಸಿದರೆ ಎಲ್ಲರೂ ದಪ್ಪಗಾಗುತ್ತಾರೆ, ಝೂಮ್ ಮಾಡಿದರೆ ಕ್ಲೀಸ್ ಅವರ ಕಾಲೇ ಕತ್ತರಿಸಿ ಹೋಗುತ್ತದೆ, ಅರ್ಧ ನಟನೆ ಇರುವುದು ಆ ಕಾಲುಗಳಲ್ಲಿ. ಅಲುಗಾಟವನ್ನು ನಯ ಮಾಡುವ ಮೋಷನ್ ಸ್ಮೂತಿಂಗ್ ಸೌಲಭ್ಯವನ್ನು ಆಫ್ ಮಾಡಿ, ಇಲ್ಲದಿದ್ದರೆ ಫಿಲ್ಮಿನ ದೃಶ್ಯಗಳೂ ಟೇಪಿನಂತೆ ಕಂಡು ನೀವು ಪತ್ತೆಹಚ್ಚಿದ ಆ ಗಡಿ ಅಳಿಸಿಹೋಗುತ್ತದೆ. ಬಿಬಿಸಿಯ ಅರ್ಧ ಗಂಟೆಯ ಕಂತು ನಿಮಗೆ 22 ನಿಮಿಷಕ್ಕೆ ಮುಗಿದರೆ ಅದು ಜಾಹೀರಾತಿಗಾಗಿ ಕತ್ತರಿಸಿದ ಪ್ರತಿ, ಬೇರೆಯದು ಹುಡುಕಿ.